ಐದು ಖಾಲಿ ಸೂಜಿಗಳು

ಶನಿವಾರಸಂತೆ
೬ ಡಿಸೆಂಬರ್ ೨೦೨೪

ಪ್ರೀತಿಯ ಚಿನ್ನಿ,

ಪೆಟ್ಟಿಗೆಯ ಮುಚ್ಚಳ ತೆಗೆಯುವ ಮೊದಲು ಈ ಕಾಗದ ಓದು. ಫೋನಿನಲ್ಲೇ ಹೇಳಬಹುದಿತ್ತು. ಆದರೆ ನೀನು ನಡುವೆ ಬಾಯಿ ಹಾಕಿದರೆ ನಾನು ಅರ್ಧ ಹೇಳಿ ನಿಲ್ಲಿಸಿಬಿಡುತ್ತೇನೆ. ಕಾಗುಣಿತ ತಪ್ಪಿದ್ದರೆ ನನ್ನ ಕಾನ್ವೆಂಟನ್ನು ಬೈದುಕೋ.

ಸೋಮವಾರ ನೀನು ಕಾಲೇಜಿಗೆ ಐವತ್ತು ಕೀಟ ಒಪ್ಪಿಸಬೇಕು. ದಸರಾ ರಜೆಯಲ್ಲಿ ಹಿಡಿದು, ಸೂಜಿ ಚುಚ್ಚಿ, ಪೆಟ್ಟಿಗೆಯಲ್ಲಿ ಜೋಡಿಸಿ ನನ್ನ ಕೈಗೆ ಕೊಟ್ಟು ಹೋದಾಗ ಐವತ್ತೂ ಇದ್ದವು. ಕಳೆದ ವಾರ ಮೋಡ ಮುಚ್ಚಿಕೊಂಡು ಪೆಟ್ಟಿಗೆಯೊಳಗೆ ಬೂಷ್ಟಿನ ವಾಸನೆ ಬಂತು. ಕಾಫಿ, ಮೆಣಸು ಒಣಗಿಸುವ ಮನೆಯವಳಿಗೆ ಇನ್ನೇನು ಹೊಳೆಯುತ್ತದೆ? ಬಿಸಿಲು ಕಂಡೊಡನೆ ಪೆಟ್ಟಿಗೆ ತೆರೆದು ಕಾಫಿ ಕಣದಲ್ಲಿಟ್ಟೆ. ಕೋಳಿಗಳು ಕಾಫಿ ಮುಟ್ಟುವುದಿಲ್ಲ, ಹಾಗಾಗಿ ಕಣಕ್ಕೆ ಕಾವಲಿಡುವ ಅಭ್ಯಾಸವೇ ನಮಗಿಲ್ಲ. ಒಳಗೆ ಹೋಗಿ ಬರುವಷ್ಟರಲ್ಲಿ ಕೆಂಪು ಹೇಂಟೆ ಐದನ್ನು ಮುಗಿಸಿತ್ತು. ಸೂಜಿಗಳು ಮಾತ್ರ ಹಾಗೇ ನಿಂತಿದ್ದವು. ಒಂದೊಂದರ ಬುಡದಲ್ಲೂ ನಿನ್ನ ಅಕ್ಷರದ ಚೀಟಿ: ಊರು, ದಿನಾಂಕ, ಹಿಡಿದವರು ಸಿಂಚನಾ.

ನೀನು ಈ ಕೋರ್ಸು ಸೇರಿದಾಗ, ಹುಳ ಹಿಡಿಯೋಕೂ ಡಿಗ್ರಿ ಬೇಕಾ ಅಂತ ನೆಂಟರ ಎದುರಿಗೇ ಕೇಳಿದವಳು ನಾನು. ಈಗ ನಾನು ಬೇಕೆಂದೇ ಹಾಳು ಮಾಡಿದೆ ಅಂತ ನೀನು ಅಂದುಕೊಂಡರೆ? ಅದು ನಿಜವೇ ಎಂದು ನನ್ನನ್ನೇ ಎರಡು ಸಲ ಕೇಳಿಕೊಂಡೆ. ಅಲ್ಲ ಚಿನ್ನಿ, ಬರೀ ದಡ್ಡತನ.

ಹಾಗಾಗಿ ನಿನ್ನ ನೋಟ್‌ಬುಕ್ ಹಿಡಿದು ಕೂತೆ. ಹಳೆಯ ಸೊಳ್ಳೆಪರದೆ ಹೊಲಿದು ಬಲೆ ಮಾಡಿದೆ. ಮೊದಲ ದಿನ ಹಿಡಿದ ಜೇನುಹುಳ ಜೇನೇ ಅಲ್ಲ, ನೊಣ. ಜೇನಿಗೆ ನಾಲ್ಕು ರೆಕ್ಕೆಯಂತೆ, ಕನ್ನಡಕ ಹಾಕಿ ಎಣಿಸಿದರೆ ಇದಕ್ಕೆ ಎರಡೇ! ದುಂಬಿಗೆ ಸೂಜಿಯನ್ನು ನಟ್ಟನಡುವೆ ಚುಚ್ಚಬಾರದು, ಬಲಗಡೆಯ ಗಟ್ಟಿ ರೆಕ್ಕೆಯಲ್ಲೇ ಇಳಿಸಬೇಕು ಎಂಬುದನ್ನು ಮೂರು ದುಂಬಿ ಕೆಡಿಸಿ ಕಲಿತೆ. ಮಿಡತೆಯ ಹಿಂದೆ ಓಡಿ ಚರಂಡಿಗೆ ಬಿದ್ದಾಗ ತೋಟದ ಕೆಲಸದ ಸಿದ್ದಮ್ಮ, "ಅಕ್ಕಾವ್ರೇ, ಈಗ ಯಾರು ಯಾರ್ನ ಹಿಡುದ್ರು?" ಅಂದಳು.

ಕೋಳಿ ತಿಂದ ಐದು ಜಾತಿಗಳಲ್ಲಿ ನಾಲ್ಕು ಸಿಕ್ಕಿದವು. ಐದನೆಯದು ಕಾಫಿ ಕಾಂಡ ಕೊರೆಯುವ ಬೋರರ್ ದುಂಬಿ. ಅದು ನನ್ನ ಕಣ್ಣಿಗೆ ಬೀಳಲೇ ಇಲ್ಲ. ವರ್ಷವೂ ಬೋರರ್ ಬಿದ್ದ ಗಿಡ ಹುಡುಕುವ ಸಿದ್ದಮ್ಮ ಕಾಂಡವನ್ನು ಬೆರಳಿನಲ್ಲೇ ಸವರಿ ನೋಡಿ, ಒಂದನ್ನು ಕತ್ತಿಯಿಂದ ಸೀಳಿ ತೆಗೆದುಕೊಟ್ಟಳು. ಮೀಸೆ ಕೂಡ ಮುರಿದಿರಲಿಲ್ಲ.

ಐದನ್ನೂ ನಿನ್ನ ಹಳೆಯ ಚೀಟಿಗಳ ಮೇಲೆಯೇ ಚುಚ್ಚಿದ್ದೆ. ಯಾರಿಗೂ ಗೊತ್ತಾಗುತ್ತಿರಲಿಲ್ಲ. ಸಿದ್ದಮ್ಮ ಚೀಟಿ ಓದಿಸಿಕೊಂಡು ನಕ್ಕಳು. "ಚಿನ್ನಿ ಹಾಸ್ಟೆಲ್ನಾಗೆ ಕುಂತ್ಕಂಡು ನನ್ ಹುಳ ಹೆಂಗ್ ಹಿಡುದ್ಲು? ಕೈ ಅಷ್ಟುದ್ದ ಐತಾ?" ತಮಾಷೆಗೇ ಅಂದದ್ದು. ಆದರೆ ಆಮೇಲೆ ಆ ಪೆಟ್ಟಿಗೆಯನ್ನು ನೋಡಲು ನನಗೆ ನಾಚಿಕೆಯಾಯಿತು. ಚೀಟಿ ಸುಳ್ಳಾದರೆ ಹುಳಕ್ಕೆ ಬೆಲೆಯಿಲ್ಲ ಎಂದು ನಿನ್ನ ನೋಟ್‌ಬುಕ್ಕಿನಲ್ಲೇ ಇದೆ. ಕೆಳಗೆ ಎರಡು ಗೆರೆ ಬೇರೆ ಎಳೆದಿದ್ದೀಯ.

ಹೊಸ ಚೀಟಿ ಬರೆದೆ. ನಾಲ್ಕರಲ್ಲಿ ಹಿಡಿದವರು ಚಿತ್ರಾ, ಒಂದರಲ್ಲಿ ಸಿದ್ದಮ್ಮ. ಇದರಿಂದ ಅಂಕ ಹೋಗಬಹುದು. ಐದನ್ನು ಇಟ್ಟುಕೊಂಡು ಮೇಷ್ಟ್ರಿಗೆ ನಿಜ ಹೇಳುತ್ತೀಯೋ, ತೆಗೆದು ನಲವತ್ತೈದನ್ನೇ ಕೊಡುತ್ತೀಯೋ, ನಿನಗೆ ಬಿಟ್ಟದ್ದು. ಬೈಯುವುದಿದ್ದರೆ ಪೂರ್ತಿ ಬೈ. ಫೋನಿನಲ್ಲಿ ಸುಮ್ಮನಿರಬೇಡ.

ತೋಟದ ಲೆಕ್ಕ ಬರೆಯುವ ನಮ್ಮ ರೈಟರ್ ಶಿವಪ್ರಕಾಶ್ ಪೆಟ್ಟಿಗೆಯನ್ನು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡೇ ತರುತ್ತಾರೆ.

ನಿನ್ನ ಅಮ್ಮ,
ಚಿತ್ರಾ

ಮರೆತಿದ್ದೆ: ಜನವರಿಯಲ್ಲಿ ನಿಮ್ಮ ಕಾಲೇಜಿನಲ್ಲಿ ಹೊರಗಿನವರಿಗೆ ಹತ್ತು ದಿನದ ಕೀಟ ಸಂಗ್ರಹದ ತರಬೇತಿ ಇದೆಯಂತೆ. ಮರೆತಿದ್ದೆ ಎಂಬುದು ಸುಳ್ಳು, ಹೇಳಲು ಧೈರ್ಯ ಬರಲಿಲ್ಲ. ಅರ್ಜಿ ಹಾಕಿ ನಾಲ್ಕು ದಿನವಾಯಿತು. ನಿನಗೆ ಮುಜುಗರವಾದರೆ ಕ್ಯಾಂಪಸ್ಸಿನಲ್ಲಿ ನನ್ನನ್ನು ಮಾತಾಡಿಸಬೇಡ. ನಾನಂತೂ ಬರುತ್ತೇನೆ.