ಮರಡಿಹಳ್ಳಿ ಕಲ್ಲಿನ ರುಚಿ

ಧನಬಾದ್, ಮಂಗಳವಾರ

ಅಪ್ಪನಿಗೆ ರಂಜಿತಾ ಮಾಡುವ ನಮಸ್ಕಾರ. ಗಂಗಾ, ಅಪ್ಪ ಕುರಿಗಳನ್ನು ರೊಪ್ಪದಲ್ಲಿ ಕೂಡಿಹಾಕಿ ಬಂದ ಮೇಲೆ ಅಕ್ಕನ ಈ ಕಾರ್ಡು ಓದಿ ಹೇಳು. ಫೋನಿನಲ್ಲಿ ಹೇಳಿದರೆ ನಗುತ್ತೀರಿ.

ಇಲ್ಲಿ ಭೂಗರ್ಭಶಾಸ್ತ್ರದ ಪಾಠದಲ್ಲಿ ಕಲ್ಲಿಗೆ ನಾಲಿಗೆ ತಾಗಿಸಿ ಒದ್ದೆ ಮಾಡುತ್ತೇವೆ. ಆಗ ಅದರ ಕಣ ಎದ್ದು ಕಾಣುತ್ತದೆ. ಇವತ್ತು ಮೇಷ್ಟ್ರು ದಿಂಬಿನಂಥ ಒಂದು ಕಲ್ಲು ಕೈಗಿಟ್ಟರು. ಅದಕ್ಕಂಟಿಸಿದ ಚೀಟಿಯಲ್ಲಿ ನಮ್ಮೂರ ಹೆಸರೇ, "ಮರಡಿಹಳ್ಳಿ, ಚಿತ್ರದುರ್ಗ" ಎಂದಿತ್ತು. ಕೋಟ್ಯಂತರ ವರ್ಷದ ಹಿಂದೆ ಸಮುದ್ರದ ತಳದಲ್ಲಿ ಉಕ್ಕಿದ ಲಾವಾ ನೀರು ತಾಗಿ ಹೀಗೆ ಉಂಡೆಗಟ್ಟಿತಂತೆ. ಅಪ್ಪ, ನೀನು ಕುರಿಗೆ ಉಪ್ಪು ಹಾಕುವ ಬಂಡೆಯೂ ಅದೇ ಕಲ್ಲು. ಚಿಕ್ಕವಳಿದ್ದಾಗ ನಾನೂ ಕುರಿಗಳ ಜೊತೆ ಬಗ್ಗಿ ಅದನ್ನು ನೆಕ್ಕುತ್ತಿದ್ದೆ. "ಬಿಡೇ, ಅದು ಕುರಿಗಿಟ್ಟಿರೋ ಉಪ್ಪು ಐತೆ" ಅಂತ ನೀನು ಬೈಯುತ್ತಿದ್ದೆ.

ಕೆಮ್ಮು ಪೂರ್ತಿ ಹೋಗಿದೆ. ನೀನು ಕೊಟ್ಟ ಕಂಬಳಿ ಈ ಚಳಿಗೆ ಸಾಕು. ಮುದ್ದೆ ಮಾತ್ರ ಎಲ್ಲೂ ಸಿಗುವುದಿಲ್ಲ.

ಕಾರ್ಡಿನಲ್ಲಿ ಜಾಗ ಮುಗಿಯಿತು. ತರಗತಿಯಲ್ಲಿ ಉಳಿದವರೆಲ್ಲ ಆ ಕಲ್ಲಿಗೆ ಒಮ್ಮೆ ನಾಲಿಗೆ ತಾಗಿಸಿ ಕಣ ನೋಡಿ ಬರೆದುಕೊಂಡರು. ನಾನು ಕಣ ಕಂಡ ಮೇಲೂ ಇನ್ನೊಮ್ಮೆ ನೆಕ್ಕಿದೆ, ಅಪ್ಪ. ಉಪ್ಪಿರಲಿಲ್ಲ.

ನಿನ್ನ ರಂಜಿ