ಜೀನಿಗೆ ಕಟ್ಟಿದ ಹಗ್ಗ

ಪ್ರಿಯ ವರ್ಲಿನ್,

ಒಂದೇ ಮನೆಯಲ್ಲಿದ್ದುಕೊಂಡು ಗಂಡನಿಗೆ ಪತ್ರ ಬರೆಯುವ ಗತಿ ಬಂತಲ್ಲ ನನಗೆ! ಏನು ಮಾಡಲಿ? ಬಾಯಲ್ಲಿ ಹೇಳಹೋದರೆ ನೀನು ಟೋಪಿಯನ್ನು ಕಣ್ಣಿನ ಮೇಲೆ ಎಳೆದುಕೊಂಡು ಜಗಲಿಯ ಕುರ್ಚಿಯಲ್ಲಿ ನಿದ್ದೆಯ ನಾಟಕ ಆಡುತ್ತೀಯ. ಏಳು ತಿಂಗಳು ಗೋಡೆಯ ಜೊತೆ ಮಾತಾಡಿ ಸಾಕಾಗಿದೆ. ಓದುವುದಕ್ಕಾದರೂ ಕಣ್ಣು ಬಿಡಲೇಬೇಕಲ್ಲ.

ಮೊದಲು ವಿಷಯ ಹೇಳಿಬಿಡುತ್ತೇನೆ. ಶನಿವಾರದ ಕೌಂಟಿ ರೋಡಿಯೊದಲ್ಲಿ, ಕುದುರೆ ಮೇಲಿಂದ ಜೋಡಿಯಾಗಿ ಹಗ್ಗ ಎಸೆದು ಹೋರಿ ಹಿಡಿಯುವ ಆಟಕ್ಕೆ, ನಮ್ಮಿಬ್ಬರ ಹೆಸರನ್ನೂ ಕೊಟ್ಟಿದ್ದೇನೆ. ಹೋರಿಯ ಕೊಂಬಿಗೆ ನಾನು, ಹಿಂಗಾಲಿಗೆ ನೀನು, ಇಪ್ಪತ್ತಾರು ವರ್ಷದಿಂದ ಇದ್ದ ಹಾಗೆಯೇ. ಹಲ್ಲು ಕಡಿಯಬೇಡ, ಪೂರ್ತಿ ಓದು.

ಈ ಊರಿನಲ್ಲಿ ಹಗ್ಗ ಎಸೆಯಲು ಕಲಿತವರೆಲ್ಲ ನಿನ್ನ ಬೈಗುಳ ತಿಂದವರೇ. ಕುಣಿಕೆ ಬಿದ್ದ ಮರುಕ್ಷಣ ಹಗ್ಗವನ್ನು ಜೀನಿನ ಮುಂದಿನ ಗೂಟಕ್ಕೆ ಸುತ್ತಬೇಕು, ಸುತ್ತುವಾಗ ಹೆಬ್ಬೆರಳು ಆಕಾಶ ನೋಡುತ್ತಿರಬೇಕು. "ಬೆರಳು ಮೇಲಕ್ಕೆ ಕಣ್ರೋ! ಇಲ್ಲಾಂದ್ರೆ ಮನೆಗೆ ಒಂಬತ್ತೇ ವಾಪಸ್ ಹೋಗ್ತವೆ!" ಎಂದು ಬೇಲಿಯ ಮೇಲೆ ಕೂತು ಅರಚುತ್ತಿದ್ದೆ. ಅಂಥವನು ಅಕ್ಟೋಬರಿನಲ್ಲಿ, ನಮ್ಮದೇ ಅಭ್ಯಾಸದ ಕಣದಲ್ಲಿ, ಹಿಂಗಾಲೆರಡನ್ನೂ ಚೆಂದವಾಗಿ ಹಿಡಿದು, ಹಗ್ಗ ಸುತ್ತುವ ಹೊತ್ತಿನಲ್ಲಿ ನನ್ನ ಕಡೆ ಕತ್ತು ತಿರುಗಿಸಿದೆ. "ಅಬ್ಬಾ ರೋಂಡಾ, ಅಂತೂ ಕೊಂಬಿಗೆ ಬಿತ್ತಾ! ಈ ಸಲಾನೂ ಗಾಳೀನೇ ಹಿಡೀತೀಯ ಅಂದ್ಕೊಂಡಿದ್ದೆ!" ಅಂದೆ. ಹಗ್ಗ ಬಿಗಿಯಿತು.

ತುಂಡಾಗಿ ಬಿದ್ದ ನಿನ್ನ ಹೆಬ್ಬೆರಳನ್ನು ಧೂಳಿನಲ್ಲಿ ಹುಡುಕಿ, ಕೈಗವಸಿನ ಸಮೇತ ಐಸ್ ಪೆಟ್ಟಿಗೆಗೆ ಹಾಕಿದವಳು ನಾನು. ಆಸ್ಪತ್ರೆಗೆ ಎಂಬತ್ತು ಮೈಲಿ. ಮುಖ ಬಿಳಿಚಿಕೊಂಡಿದ್ದರೂ ನೀನು ದಾರಿಯಲ್ಲಿ, "ಅದ್ರಲ್ಲಿದ್ದ ಬಿಯರ್ ಎಲ್ಲಿಟ್ಟೆ?" ಎಂದು ಕೇಳಿದೆ. ನಾನು ನಗುತ್ತಾ ಅಳುತ್ತಾ ಟ್ರಕ್ ಓಡಿಸಿದೆ. ಬೆರಳು ಕೂಡಲಿಲ್ಲ. ಆಮೇಲೆ ನೀನು ಒಂದೇ ಒಂದು ತಮಾಷೆ ಮಾಡಿಲ್ಲ.

ಈಗ ನಾನು ನುಂಗಿಕೊಂಡಿದ್ದ ಮಾತು. ನಿನ್ನ ಕುಚೋದ್ಯ ಕೇಳಿ ನನಗೆ ಸಿಟ್ಟು ನೆತ್ತಿಗೇರಿತ್ತು. ಬೇಕೆಂದೇ ಕುದುರೆಗೆ ಹಿಮ್ಮಡಿ ಕೊಟ್ಟು ಹೋರಿಯನ್ನು ಜಗ್ಗಿದೆ. ನಿನ್ನನ್ನು ಒಂದಿಷ್ಟು ಅಲುಗಾಡಿಸೋಣ ಅಂತ, ಅಷ್ಟೇ. ನಿನ್ನ ಬೆರಳು ಹಗ್ಗದಡಿ ಇರಬಹುದೆಂದು ನನಗೆ ಹೊಳೆಯಲೇ ಇಲ್ಲ. ನಿನಗೆ ಗೊತ್ತಾಗಿಯೇ ಇರಬೇಕು. ಆ ಎಳೆತ ಯಾರದೆಂದು ತಿಳಿಯದಷ್ಟು ದಡ್ಡನಲ್ಲ ನೀನು. ಬೈದುಬಿಡಬಾರದಿತ್ತೇ, ಮಾರಾಯ? ಒಂದು ತಟ್ಟೆಯನ್ನಾದರೂ ಎತ್ತಿ ಒಗೆಯಬಾರದಿತ್ತೇ? ನಿನ್ನ ಬೈಗುಳವನ್ನು ನಾನು ತಡೆದುಕೊಳ್ಳುತ್ತಿದ್ದೆ. ಈ ಮೌನ ಮಾತ್ರ ನನ್ನಿಂದ ಆಗುತ್ತಿಲ್ಲ.

ನಾನು ಆಟದ ನಿಯಮದ ಪುಸ್ತಕ ತಂದು ತೋರಿಸಿದೆ. ಹಿಂಗಾಲು ಹಿಡಿಯುವವರಿಗೆ ಐವತ್ತು ದಾಟಿದ್ದರೆ ಸುತ್ತುವ ಗೋಜೇ ಬೇಡ, ಹಗ್ಗವನ್ನು ಮೊದಲೇ ಗೂಟಕ್ಕೆ ಕಟ್ಟಿಕೊಂಡು ಬರಬಹುದು. ನೀನು ಬೀನ್ಸ್ ತಟ್ಟೆಯಿಂದ ತಲೆ ಎತ್ತದೆ, "ಕಟ್ಕೊಂಡು ಎಸೆಯೋದು ಹೆಂಗಸ್ರು, ಮುದುಕ್ರು," ಅಂದೆ. ಅಲ್ಲಯ್ಯಾ, ನಾನು ಹೆಂಗಸೇ. ಕೊಂಬಿಗೆ ಎಸೆಯುವವರಿಗೆ ಆ ರಿಯಾಯಿತಿ ಇಲ್ಲವೆಂದು ಇಪ್ಪತ್ತಾರು ವರ್ಷ ಇದೇ ಕೈಯಿಂದ ಸುತ್ತಿದ್ದೇನೆ. ನಿನಗೋ ಐವತ್ತೇಳು. ಮುದುಕನಲ್ಲದೆ ಇನ್ನೇನು, ಮದುಮಗನೇ? ಜಟ್ಟಿ ನೆಲಕ್ಕೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲವಂತೆ!

ಮೇವಿನ ಅಂಗಡಿಯ ವಿನ್ ಮೊನ್ನೆ ಕೇಳಿದ, "ವರ್ಲಿನ್ ಇನ್ನು ಏಳಲ್ಲ ಬಿಡಕ್ಕ, ಹಿಂಗಾಲಿಗೆ ನಾನ್ ಬರ್ತೀನಿ." ಒಳ್ಳೆಯವನೇ, ಗುರಿಯೂ ಚೆನ್ನಾಗಿದೆ. "ನನ್ನ ಜೊತೆಗಾರ ಸತ್ತಿಲ್ಲಪ್ಪ, ಮುನಿಸ್ಕೊಂಡಿದ್ದಾನೆ ಅಷ್ಟೇ," ಎಂದು ಕಳಿಸಿದೆ. ಟ್ರಕ್ಕಿಗೆ ಬಂದು ಕೂತ ಮೇಲೆ, ನಾನು ಹೇಳಿದ್ದು ನಿಜವೇ ಎಂದು ನನಗೇ ಅನುಮಾನ ಬಂತು.

ನಿನ್ನ ಜೀನನ್ನು ಒರೆಸಿ ಎಣ್ಣೆ ಹಚ್ಚಿದ್ದೇನೆ. ಹಗ್ಗವನ್ನು ಗೂಟಕ್ಕೆ ಕಟ್ಟಿದ್ದೇನೆ, ಕೈಯಿಂದ ತುದಿ ಎಳೆದರೆ ಬಿಚ್ಚಿಕೊಳ್ಳುವ ಗಂಟು. ಈ ಪತ್ರ ಅದರ ಕೆಳಗೇ ಇರುತ್ತದೆ. ಬೇಡವಾದರೆ ಗಂಟು ಬಿಚ್ಚಿ ಮೊಳೆಗೆ ನೇತುಹಾಕು, ಇನ್ನೊಮ್ಮೆ ಕೇಳುವುದಿಲ್ಲ. ಶನಿವಾರ ಹೆಸರು ಕೂಗಿದಾಗ ನಾನು ಹೋರಿಯ ಎಡಗಡೆ ಕುದುರೆಯ ಮೇಲಿರುತ್ತೇನೆ. ಬಲಗಡೆ ನೀನಿರುತ್ತೀಯ, ಇಲ್ಲವೇ ಯಾರೂ ಇರುವುದಿಲ್ಲ.

ನಮ್ಮ ಆಟದಲ್ಲಿ ಕೊಂಬು ಸಿಕ್ಕರೂ, ಹಿಂಗಾಲು ಸಿಕ್ಕರೂ ತೀರ್ಪುಗಾರನ ಬಾವುಟ ಬೀಳುವುದಿಲ್ಲ, ಗಡಿಯಾರ ಓಡುತ್ತಲೇ ಇರುತ್ತದೆ. ಇಬ್ಬರೂ ಕುದುರೆ ತಿರುಗಿಸಿ ಒಬ್ಬರಿಗೊಬ್ಬರು ಮುಖ ಕೊಟ್ಟ ಮೇಲೆಯೇ ಅದು ನಿಲ್ಲುವುದು. ನಾನು ಏಳು ತಿಂಗಳಿಂದ ನಿನ್ನ ಕಡೆ ತಿರುಗಿ ನಿಂತಿದ್ದೇನೆ, ವರ್ಲಿನ್.

ಉಳಿದ ಒಂಬತ್ತನ್ನು ದೇವರು ಚೆನ್ನಾಗಿಟ್ಟಿರಲಿ.

ನಿನ್ನ ಕೊಂಬಿನವಳು,
ರೋಂಡಾ