ಪೆಟ್ಟಿಗೆಯೊಳಗಿನ ಕಾರ್ಡು

ತಾಳ್ಯ
೧೨-೫-೨೦೦೫

ಚಿ. ಚೈತ್ರಾಳಿಗೆ ಅಜ್ಜಿಯ ಆಶೀರ್ವಾದ.

ನಿಮ್ಮಪ್ಪ ಮುರುಗೇಶನ ಕೆಮ್ಮು ನಿಂತಿತೇ? ನಿಮ್ಮವ್ವ ಶಾಂತಾಳ ಸೊಂಟನೋವು ಹೇಗಿದೆ?

ನೀನು ಬಿಡಿಭಾಗ ತಂದು ಜೋಡಿಸುವ ಆಟದ ಕಂಪ್ಯೂಟರಿಗೆ ಹೊಸದುರ್ಗದ ಅಜ್ಜಿ ಮಾನಿಟರ್ ಕೊಡಿಸಿದರಂತೆ. ಸಂತೋಷ. ಮನೆಗೆ ಬಂದವರಿಗೆಲ್ಲ ಮೊದಲು ಕಾಣುವುದು ಅದೇ.

ನಾನು ಎರಡು ವರ್ಷ ಹುಣಸೆಹಣ್ಣು ಮಾರಿ ಕೂಡಿಟ್ಟ ಹಣಕ್ಕೆ ಗ್ರಾಫಿಕ್ಸ್ ಕಾರ್ಡು ಬರುತ್ತದಂತೆ. "ಅದಿಲ್ದಿದ್ರೆ ಆಟನೇ ಓಡಲ್ಲಜ್ಜಿ, ಆದ್ರೆ ಪೆಟ್ಟಿಗೆ ಒಳಗಿರ್ತೈತೆ, ಯಾರಿಗೂ ಕಾಣಲ್ಲ" ಎಂದು ಫೋನಿನಲ್ಲಿ ಹೇಳಿದೆಯಲ್ಲ, ಅಂದಿನಿಂದ ನನಗೆ ಊಟ ರುಚಿಸುತ್ತಿಲ್ಲ.

ಹಣ ಮನಿಯಾರ್ಡರ್ ಮಾಡಿದ್ದೇನೆ. ಹೊಸದುರ್ಗದವರು ಬಂದ ದಿನ ಮಾತ್ರ ಪೆಟ್ಟಿಗೆಯ ಪಕ್ಕದ ತಗಡು ಬಿಚ್ಚಿಡು. ಯಾಕೆ ಎಂದು ಕೇಳಿದರೆ, ಒಳಗೆ ಬಿಸಿಯಾಗುತ್ತದೆ ಅನ್ನು.

ಅವರು ಬಗ್ಗಿ ನೋಡಿ ಏನಂದರೆಂದು ಅವತ್ತೇ ಕಾಗದ ಬರಿ.

ಇಂತಿ, ನಿನ್ನ ತಾಳ್ಯದ ಅಜ್ಜಿ
ಶಿವಗಂಗಮ್ಮ